ಅಪ್ಪಾಜಿಯ ಮಾತ್ರೆ, ನನ್ನ ಮಾತ್ರೆ: ಫಿನಾಸ್ಟರೈಡ್ ನಮ್ಮ ಮನೆಗೆ ಬಂದ ದಾರಿ

ಹೋದ ಭಾನುವಾರದ ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ಕ್ಯಾಮೆರಾ ಮುಂದೆ ಅವಸರದಲ್ಲಿ ಬಿಟ್ಟುಹೋದ ಇಸವಿ, ಅಂಕಿಗಳನ್ನು ಇಲ್ಲಿ ಸೇರಿಸಿದ್ದೀನಿ. ಅಲ್ಲಿ ಹೇಳೋಕೆ ಧೈರ್ಯ ಬರದ ಒಂದು ವಿಷಯವೂ ಇದೆ, ಅದು ಕೊನೆಯಲ್ಲಿ ಬರುತ್ತೆ. ಮೊದಲೇ ಹೇಳಿಬಿಡ್ತೀನಿ: ನಾನು ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್, ಡಾಕ್ಟರಿಕೆ ಅಲ್ಲ. ಇದು ಒಂದು ಮಾತ್ರೆಯ ಚರಿತ್ರೆ, ಔಷಧಿ ಸಲಹೆ ಅಲ್ಲ.

ಮೂರು ವರ್ಷದ ಹಿಂದೆ ದೀಪಾವಳಿಗೆ ಹೈದರಾಬಾದಿನಿಂದ ದಾವಣಗೆರೆಗೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಅಪ್ಪಾಜಿ ತಮ್ಮ ಮಾತ್ರೆ ಡಬ್ಬಿ ತೆಗೆದರು. ಬಿಪಿದು ಒಂದು, ಶುಗರ್‌ದು ಒಂದು, ಪಕ್ಕದಲ್ಲಿ ಇನ್ನೊಂದು ಹೊಸ ಸ್ಟ್ರಿಪ್. ಹೆಸರು ಓದಿದರೆ ಫಿನಾಸ್ಟರೈಡ್, 5 ಮಿಲಿಗ್ರಾಂ. ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲಿ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದ ಸ್ಟ್ರಿಪ್ ಮೇಲೂ ಇದೇ ಹೆಸರು, 1 ಮಿಲಿಗ್ರಾಂ. ಅವರು ತಗೋತಿದ್ದದ್ದು ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ರಾತ್ರಿ ನಾಲ್ಕು ಸಲ ಏಳಬೇಕಾಗಿ ಬಂದಿದ್ದಕ್ಕೆ. ನಾನು ತಗೋತಿದ್ದದ್ದು ತಲೆಗೂದಲಿಗೆ.

"ಇದು ನಾನೂ ತಗೋತೀನಲ್ಲ ಅಪ್ಪಾಜಿ" ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿ, "ಯಾಕೋ, ನಿನಗೂ ಆಗ್ಲೇ ಶುರುವಾಯ್ತಾ?" ಅಂದರು. ಏನು ಶುರುವಾಯ್ತು ಅಂತ ಅಮ್ಮ ಅಡುಗೆಮನೆಯಿಂದ ಓಡಿಬಂದರು. ಅದಾದ ಮೇಲೆ ಅರ್ಧ ಗಂಟೆ ನಾನು ಏನೇನು ವಿವರಿಸಬೇಕಾಯ್ತು ಅನ್ನೋದನ್ನ ನೀವೇ ಊಹಿಸಿಕೊಳ್ಳಿ.

ನಕ್ಕಿದ್ದಾಯ್ತು. ಆದರೆ ರಾತ್ರಿ ಮಲಗಿದಾಗ ಒಂದು ವಿಷಯ ಕೊರೆಯೋಕೆ ಶುರುವಾಯ್ತು. ಅಪ್ಪಾಜಿಗೆ ಆ ಮಾತ್ರೆ ಕೊಡೋ ಮುಂಚೆ ಮೂತ್ರರೋಗದ ಡಾಕ್ಟರು ಸ್ಕ್ಯಾನ್ ಮಾಡಿಸಿದ್ದರು, ರಕ್ತ ಪರೀಕ್ಷೆ ಮಾಡಿಸಿದ್ದರು, ಒಂದು ಫೈಲೇ ಇತ್ತು. ನನ್ನ ಹತ್ತಿರ ಏನಿತ್ತು? ಒಂದು ಆ್ಯಪ್‌ನಲ್ಲಿ ಮೂರು ನಿಮಿಷದ ಚಾಟ್, ನೆತ್ತಿಯ ಒಂದು ಫೋಟೋ. ಆಮೇಲಂತೂ ಅದೂ ಇಲ್ಲ, ಮನೆ ಕೆಳಗಿನ ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಕೊಡ್ತಿದ್ದರು. ಒಂದು ಸ್ಟ್ರಿಪ್‌ನ ಬೆಲೆ ಒಂದು ಪ್ಲೇಟ್ ಬಿರಿಯಾನಿಗಿಂತ ಕಡಿಮೆ. ಇದು ಇಷ್ಟು ಅಗ್ಗ ಹೇಗಾಯ್ತು, ಪ್ರಾಸ್ಟೇಟಿನ ಮಾತ್ರೆ ಕೂದಲಿಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕಾಟ ನನ್ನನ್ನ ಕೆರಿಬಿಯನ್ ಸಮುದ್ರದ ಒಂದು ಹಳ್ಳಿಗೆ ಕರೆದುಕೊಂಡು ಹೋಯ್ತು.

ಗಂಡಸಿನ ಹಾರ್ಮೋನು, ಬಕ್ಕತಲೆ

ಬಕ್ಕತಲೆಗೂ ಗಂಡಸುತನಕ್ಕೂ ಏನೋ ನಂಟಿದೆ ಅನ್ನೋದು ಬಹಳ ಹಳೇ ಗುಮಾನಿ. ಬೀಜ ಒಡೆಸಿಕೊಂಡ ಗಂಡಸರ ತಲೆ ಬಕ್ಕ ಆಗೋದಿಲ್ಲ ಅಂತ ಪ್ರಾಚೀನ ಗ್ರೀಸಿನ ಹಿಪ್ಪೊಕ್ರಟಿಸ್ ಹೆಸರಿನಲ್ಲಿರುವ ವೈದ್ಯಸೂತ್ರಗಳಲ್ಲೇ ಇದೆ. ಕಂಡಿದ್ದನ್ನ ಬರೆದಿಟ್ಟಿದ್ದರು, ಕಾರಣ ಗೊತ್ತಿರಲಿಲ್ಲ.

ಕಾರಣ ಸಿಕ್ಕಿದ್ದು 1942ರಲ್ಲಿ. ಜೇಮ್ಸ್ ಹ್ಯಾಮಿಲ್ಟನ್ ಅನ್ನೋ ಅಮೆರಿಕದ ಅಂಗರಚನಾ ವಿಜ್ಞಾನಿ, ಪ್ರಾಯಕ್ಕೆ ಬರೋ ಮುಂಚೆಯೇ ವೃಷಣ ಕಳೆದುಕೊಂಡವರನ್ನೂ ವೃಷಣ ಸರಿಯಾಗಿ ಬೆಳೆಯದ ಗಂಡಸರನ್ನೂ ಅಭ್ಯಾಸ ಮಾಡಿದರು. ಅವರ ಕೂದಲು ಗಟ್ಟಿಯಾಗಿತ್ತು. ಅಂಥವರಿಗೆ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಕೊಟ್ಟಾಗ, ವಂಶದಲ್ಲಿ ಬಕ್ಕತಲೆ ಇದ್ದವರಿಗೆ ಕೂದಲು ಉದುರೋಕೆ ಶುರುವಾಯ್ತು. ವಂಶದಲ್ಲಿ ಇಲ್ಲದವರಿಗೆ ಏನೂ ಆಗಲಿಲ್ಲ. ಚುಚ್ಚುಮದ್ದು ನಿಲ್ಲಿಸಿದರೆ ಉದುರೋದು ನಿಂತಿತು, ಆದರೆ ಹೋದ ಕೂದಲು ವಾಪಸ್ ಬರಲಿಲ್ಲ. ಅಂದರೆ ಹಾರ್ಮೋನೂ ಬೇಕು, ವಂಶವೂ ಬೇಕು, ವಯಸ್ಸೂ ಸೇರಬೇಕು. ಇವತ್ತು ಡಾಕ್ಟರುಗಳು ಬಕ್ಕತಲೆಯ ಹಂತಗಳನ್ನ ಅಳೆಯೋಕೆ ಬಳಸೋ ಹ್ಯಾಮಿಲ್ಟನ್-ನಾರ್‌ವುಡ್ ಪಟ್ಟಿ ಇದೆಯಲ್ಲ, ಅದರ ಹ್ಯಾಮಿಲ್ಟನ್ ಇವರೇ.

ಇಷ್ಟು ಗೊತ್ತಾದರೂ ಚಿಕಿತ್ಸೆ ಸಿಗಲಿಲ್ಲ. ಕೂದಲಿಗೋಸ್ಕರ ಯಾರು ತಾನೇ ಟೆಸ್ಟೊಸ್ಟೆರಾನ್ ನಿಲ್ಲಿಸಿಕೊಳ್ತಾರೆ? ಟೆಸ್ಟೊಸ್ಟೆರಾನ್ ಮುಟ್ಟದೇ ಕೂದಲು ಉಳಿಸೋ ದಾರಿ ಇದೆ ಅಂತ ತೋರಿಸಿದ್ದು ಯಾವ ಪ್ರಯೋಗಾಲಯವೂ ಅಲ್ಲ, ಒಂದು ಬಡ ಹಳ್ಳಿಯ ಮಕ್ಕಳು.

ಸಲೀನಾಸ್

ಡೊಮಿನಿಕನ್ ರಿಪಬ್ಲಿಕ್ ದೇಶದ ನೈಋತ್ಯ ಭಾಗದಲ್ಲಿ ಸಲೀನಾಸ್ ಅಂತ ಒಂದು ಹಳ್ಳಿ. ಅಲ್ಲಿ ಕೆಲವು ಕುಟುಂಬಗಳಲ್ಲಿ ಹೆಣ್ಣು ಅಂತ ತಿಳಿದು ಬೆಳೆಸಿದ ಮಕ್ಕಳು ಪ್ರಾಯಕ್ಕೆ ಬಂದಾಗ ಗಂಡಾಗುತ್ತಿದ್ದರು. ಧ್ವನಿ ಒಡೆಯುತ್ತಿತ್ತು, ಭುಜ ಅಗಲವಾಗುತ್ತಿತ್ತು, ಜನನಾಂಗ ಬೆಳೆಯುತ್ತಿತ್ತು. ಊರಿನವರಿಗೆ ಇದು ಹೊಸದಲ್ಲ, ಅಂಥವರಿಗೆ ಒಂದು ಹೆಸರೇ ಇತ್ತು: ಗ್ವೆವೆದೋಸೆಸ್. ಹನ್ನೆರಡನೇ ವಯಸ್ಸಿಗೆ ಗಂಡಾಗುವವರು ಅನ್ನೋ ಅರ್ಥದ ಆಡುಮಾತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ 1970ರ ದಶಕದ ಆರಂಭದಲ್ಲಿ ಅಲ್ಲಿಗೆ ಹೋದರು. ಸ್ಥಳೀಯ ವೈದ್ಯರ ಜೊತೆ ಸೇರಿ ಆ ಕುಟುಂಬಗಳನ್ನ ಪರೀಕ್ಷಿಸಿ, 1974ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಕಾರಣ ಪ್ರಕಟಿಸಿದರು. ಅದನ್ನ ಸರಳವಾಗಿ ಹೇಳೋದಾದರೆ ಹೀಗೆ. ಟೆಸ್ಟೊಸ್ಟೆರಾನ್ ದೇಹದಲ್ಲಿ ಎಲ್ಲ ಕೆಲಸವನ್ನೂ ತಾನೇ ಮಾಡಲ್ಲ. 5-ಆಲ್ಫಾ ರಿಡಕ್ಟೇಸ್ ಅನ್ನೋ ಎಂಜೈಮ್ ಅದರಲ್ಲಿ ಒಂದು ಪಾಲನ್ನ ಡಿಎಚ್‌ಟಿ ಅನ್ನೋ ಇನ್ನೂ ಪ್ರಬಲವಾದ ಹಾರ್ಮೋನ್ ಆಗಿ ಬದಲಾಯಿಸುತ್ತೆ. ತಾಯಿಯ ಹೊಟ್ಟೆಯಲ್ಲಿ ಗಂಡುಮಗುವಿನ ಹೊರಗಿನ ಜನನಾಂಗ ರೂಪುಗೊಳ್ಳೋಕೆ ಈ ಡಿಎಚ್‌ಟಿ ಬೇಕು. ಸಲೀನಾಸ್‌ನ ಆ ಮಕ್ಕಳಿಗೆ ವಂಶವಾಹಿಯ ದೋಷದಿಂದ ಆ ಎಂಜೈಮ್ ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಹುಟ್ಟಿದಾಗ ಹೆಣ್ಣಿನಂತೆ ಕಂಡರು. ಪ್ರಾಯದಲ್ಲಿ ಟೆಸ್ಟೊಸ್ಟೆರಾನ್ ಏರಿದಾಗ ಗಂಡಾಗಿ ಬೆಳೆದರು.

ಈ ಪತ್ರಿಕೆ ನಮ್ಮ ಕಥೆಗೆ ಬರೋದು ಇನ್ನೊಂದು ಗಮನಿಕೆಯಿಂದ. ಈ ಗಂಡಸರು ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗೇ ಉಳಿಯುತ್ತಿತ್ತು. ಗಡ್ಡ ತೆಳು. ಹಣೆಯ ಎರಡೂ ಬದಿಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಮಿಕ್ಕಂತೆ ಅವರು ಗಟ್ಟಿಮುಟ್ಟಾದ ಗಂಡಸರು. ಟೆಸ್ಟೊಸ್ಟೆರಾನ್ ಇದ್ದೂ ಡಿಎಚ್‌ಟಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅವರ ದೇಹವೇ ಉತ್ತರವಾಗಿತ್ತು.

ಮರ್ಕ್ ಕಂಪನಿಯ ಲೆಕ್ಕ

ರಾಯ್ ವ್ಯಾಗೆಲೋಸ್ ಅನ್ನೋ ವೈದ್ಯ-ವಿಜ್ಞಾನಿ 1975ರಲ್ಲಿ ಮರ್ಕ್ ಔಷಧಿ ಕಂಪನಿಯ ಸಂಶೋಧನಾ ವಿಭಾಗ ಸೇರಿದ್ದರು, ಮುಂದೆ ಆ ಕಂಪನಿಯ ಮುಖ್ಯಸ್ಥರೂ ಆದರು. ಸಲೀನಾಸ್‌ನ ವರದಿ ಅವರ ಕಣ್ಣಿಗೆ ಬಿತ್ತು. ಅವರು ನೋಡಿದ್ದು ಕೂದಲನ್ನಲ್ಲ, ಪ್ರಾಸ್ಟೇಟನ್ನ. ವಯಸ್ಸಾದ ಗಂಡಸರಲ್ಲಿ ಅರ್ಧಕ್ಕರ್ಧ ಜನರಿಗೆ ಆ ಗ್ರಂಥಿ ದೊಡ್ಡದಾಗುತ್ತೆ, ಆಗ ಇದ್ದ ಮುಖ್ಯ ಚಿಕಿತ್ಸೆ ಆಪರೇಷನ್. ಪ್ರಕೃತಿ ಸಲೀನಾಸ್‌ನಲ್ಲಿ ಮಾಡಿದ್ದನ್ನ ಒಂದು ಮಾತ್ರೆಯಿಂದ ಮಾಡೋಕಾದರೆ?

ಮರ್ಕ್‌ನ ರಸಾಯನ ವಿಜ್ಞಾನಿಗಳು ಆ ಎಂಜೈಮನ್ನ ತಡೆಯೋ ಅಣುವನ್ನ ಕಟ್ಟಿದರು. ಅದೇ ಫಿನಾಸ್ಟರೈಡ್. 1992ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪ್ರಾಸ್ಕರ್ ಹೆಸರಿನ 5 ಮಿಲಿಗ್ರಾಂ ಮಾತ್ರೆಗೆ ಪ್ರಾಸ್ಟೇಟ್ ಔಷಧಿಯಾಗಿ ಒಪ್ಪಿಗೆ ಕೊಟ್ಟಿತು. 1997ರ ಡಿಸೆಂಬರ್‌ನಲ್ಲಿ ಅದೇ ಅಣು, 1 ಮಿಲಿಗ್ರಾಂ, ಪ್ರೊಪೀಷಿಯ ಅನ್ನೋ ಹೆಸರಲ್ಲಿ ಗಂಡಸರ ಕೂದಲಿಗೆ ಬಂತು. ಅಪ್ಪಾಜಿಯ ಮಾತ್ರೆ ಅಣ್ಣ, ನನ್ನ ಮಾತ್ರೆ ತಮ್ಮ.

ಕೆಲಸ ಮಾಡುತ್ತಾ? ಮಾಡುತ್ತೆ. 18ರಿಂದ 41 ವಯಸ್ಸಿನ 1,553 ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ನೆತ್ತಿಯ ಒಂದು ಇಂಚು ಅಗಲದ ವೃತ್ತದೊಳಗೆ ಕೂದಲು ಎಣಿಸಿದರು. ಶುರುವಿನಲ್ಲಿ ಸರಾಸರಿ 876 ಕೂದಲು. ಎರಡು ವರ್ಷದ ಕೊನೆಗೆ, ಔಷಧಿ ಇಲ್ಲದ ಪೊಳ್ಳು ಮಾತ್ರೆ ತಗೊಂಡವರಿಗೂ ನಿಜವಾದ ಮಾತ್ರೆ ತಗೊಂಡವರಿಗೂ 138 ಕೂದಲಿನ ಅಂತರ ಇತ್ತು. ಮಾತ್ರೆ ತಗೊಂಡವರಲ್ಲಿ 83 ಶೇಕಡಾ ಜನರಿಗೆ ಕೂದಲಿನ ಎಣಿಕೆ ಕುಸಿಯಲಿಲ್ಲ. ಪೊಳ್ಳು ಮಾತ್ರೆಯವರಲ್ಲಿ ಹಾಗೆ ಉಳಿದವರು 28 ಶೇಕಡಾ ಮಾತ್ರ. ಇಲ್ಲಿ ದೊಡ್ಡ ಲಾಭ ಹೊಸ ಕೂದಲಿಗಿಂತ ಇದ್ದದ್ದು ಉಳಿಯೋದು. ಬಿಟ್ಟರೆ ಸುಮಾರು ಒಂದು ವರ್ಷದಲ್ಲಿ ಲಾಭ ಕರಗುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಒಂದು ಸಲ ಫಿಕ್ಸ್ ಮಾಡಿ ಮುಗಿಸೋ ಬಗ್ ಅಲ್ಲ, ವರ್ಷಗಟ್ಟಲೆ ಕಟ್ಟೋ ಸಬ್‌ಸ್ಕ್ರಿಪ್ಷನ್.

ಆ ಸಬ್‌ಸ್ಕ್ರಿಪ್ಷನ್ ಶುರುವಿನಲ್ಲಿ ಅಮೆರಿಕದಲ್ಲಿ ದುಬಾರಿಯಾಗಿತ್ತು, ತಿಂಗಳಿಗೆ ಸುಮಾರು 50 ಡಾಲರ್ ಇತ್ತು. ಅಲ್ಲಿಯ ಗಂಡಸರು ಬೇಗ ಒಂದು ಉಪಾಯ ಕಂಡುಕೊಂಡರು: ಪ್ರಾಸ್ಟೇಟಿನ 5 ಮಿಲಿಗ್ರಾಂ ಮಾತ್ರೆ ಕೊಂಡು ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡೋದು. ಈ ಡೋಸಿನ ಲೆಕ್ಕದಲ್ಲಿ ಒಂದು ಸ್ವಾರಸ್ಯ ಇದೆ. ತಲೆಚರ್ಮದಲ್ಲಿನ ಡಿಎಚ್‌ಟಿ ಅಳೆದಾಗ 0.2 ಮಿಲಿಗ್ರಾಂನಿಂದ 56.5 ಶೇಕಡಾ ಇಳಿಯಿತು, 1 ಮಿಲಿಗ್ರಾಂನಿಂದ 64.1, 5 ಮಿಲಿಗ್ರಾಂನಿಂದ 69.4. ಡೋಸ್ 25 ಪಟ್ಟು ಏರಿಸಿದರೆ ಸಿಕ್ಕಿದ್ದು ಸುಮಾರು 13 ಶೇಕಡಾ ಅಷ್ಟೇ. ಜಾಸ್ತಿ ತಗೊಂಡರೆ ಜಾಸ್ತಿ ಕೂದಲು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಬ್ಲೇಡಿನ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಬಾಲಾನಗರದ ಕಡೆಗೆ

ಈಗ ನಮ್ಮ ದೇಶಕ್ಕೆ ಬರೋಣ. ಅಮೆರಿಕದಲ್ಲಿ ಮರ್ಕ್‌ಗೆ ಪೇಟೆಂಟ್ ಇತ್ತು, ಬೇರೆ ಯಾರೂ ಮಾಡೋ ಹಾಗಿರಲಿಲ್ಲ. ಆದರೆ ಭಾರತದಲ್ಲಿ ಮುಂಬೈನ ಸಿಪ್ಲಾ ಫಿನ್‌ಪೀಷಿಯ, ಫಿನ್‌ಕಾರ್ ಅಂತ ಮಾಡಿತು, ಹೈದರಾಬಾದಿನ ಡಾ. ರೆಡ್ಡೀಸ್ ಫಿನಾಕ್ಸ್, ಫಿನಾಸ್ಟ್ ಅಂತ ಮಾಡಿತು. ಇದು ಕಳ್ಳಮಾಲಲ್ಲ, ನಕಲಿಯೂ ಅಲ್ಲ. ನಮ್ಮ ಕಾನೂನಿನ ಪ್ರಕಾರ ಪೂರ್ತಿ ಸಕ್ರಮ. ಹೇಗೆ?

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿದ್ದದ್ದು ಬ್ರಿಟಿಷರ 1911ರ ಪೇಟೆಂಟ್ ಕಾಯ್ದೆ. ಬಹುಪಾಲು ಪೇಟೆಂಟುಗಳು ವಿದೇಶಿ ಕಂಪನಿಗಳ ಕೈಯಲ್ಲಿ. ಇಲ್ಲಿ ತಯಾರಿಸುತ್ತಿದ್ದದ್ದು ಕಡಿಮೆ, ಆಮದು ಮಾಡಿ ಮಾರುತ್ತಿದ್ದದ್ದು ಹೆಚ್ಚು. ಬಡ ದೇಶವಾದ ಭಾರತದಲ್ಲಿ ಔಷಧಿ ಬೆಲೆ ಪ್ರಪಂಚದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು ಅಂತ ಅಮೆರಿಕದ ಸೆನೆಟ್‌ನ ಕೀಫಾವರ್ ಸಮಿತಿಯೇ ಗುರುತಿಸಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಪೇಟೆಂಟ್ ಕಾನೂನಿನ ಬಗ್ಗೆ ದೊಡ್ಡ ವರದಿ ಕೊಟ್ಟರು. ಅದರ ತಳಹದಿಯ ಮೇಲೆ ಬಂದಿದ್ದೇ 1970ರ ಪೇಟೆಂಟ್ ಕಾಯ್ದೆ, ಜಾರಿಯಾಗಿದ್ದು 1972ರ ಏಪ್ರಿಲ್‌ನಲ್ಲಿ.

ಆ ಕಾಯ್ದೆಯ ಜಾಣತನ ಒಂದೇ ಸಾಲಿನದು: ಆಹಾರ ಮತ್ತು ಔಷಧಿಯ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ಇಲ್ಲ, ಅದನ್ನ ಮಾಡೋ ವಿಧಾನಕ್ಕೆ ಮಾತ್ರ. ಅದೂ ಅರ್ಜಿಯಿಂದ ಏಳು ವರ್ಷ ಅಥವಾ ಮಂಜೂರಾತಿಯಿಂದ ಐದು ವರ್ಷ, ಯಾವುದು ಕಡಿಮೆಯೋ ಅಷ್ಟು. ದಾವಣಗೆರೆಯವನಾಗಿ ನನಗೆ ಹೊಳೆಯೋ ಹೋಲಿಕೆ ಬೆಣ್ಣೆದೋಸೆ. ನಿಮ್ಮ ಹಿಟ್ಟಿನ ಹದ, ನಿಮ್ಮ ಕಾವಲಿಯ ಗುಟ್ಟು ನಿಮ್ಮದು, ಇಟ್ಟುಕೊಳ್ಳಿ. ಆದರೆ ಬೆಣ್ಣೆದೋಸೆ ಅನ್ನೋ ತಿಂಡಿಯೇ ನನ್ನದು, ಬೇರೆ ಯಾರೂ ಹುಯ್ಯಬಾರದು ಅನ್ನೋ ಹಾಗಿಲ್ಲ. ಪ್ರೋಗ್ರಾಮರುಗಳಿಗೆ ಇನ್ನೂ ಸುಲಭ: ಔಟ್‌ಪುಟ್ ಒಂದೇ, ಕೋಡ್ ನಾವೇ ಹೊಸದಾಗಿ ಬರೆದಿದ್ದು.

ಕೋಡ್ ಬರೆಯೋ ಜನರೂ ಬೇಕಲ್ಲ. ಹೈದರಾಬಾದಿನಲ್ಲಿರೋರು ಮಿಯಾಪುರದಿಂದ ಮೆಟ್ರೋದಲ್ಲಿ ಬರುವಾಗ ಬಾಲಾನಗರ ಸ್ಟೇಷನ್ ದಾಟಿರ್ತೀರಿ. ಆ ಬಾಲಾನಗರದಲ್ಲೇ ಸೋವಿಯತ್ ನೆರವಿನಿಂದ ಕೇಂದ್ರ ಸರ್ಕಾರದ ಐಡಿಪಿಎಲ್ ಔಷಧಿ ಕಾರ್ಖಾನೆ ಬಂತು. ಆ ಸಂಸ್ಥೆ ಶುರುವಾಗಿದ್ದು 1961ರಲ್ಲಿ. ಒಂದು ಪೀಳಿಗೆಯ ರಸಾಯನ ತಜ್ಞರು ಅಲ್ಲಿ ಕೆಲಸ ಕಲಿತು ಹೊರಬಂದು ತಮ್ಮದೇ ಕಂಪನಿ ಕಟ್ಟಿದರು. 1984ರಲ್ಲಿ ಡಾ. ರೆಡ್ಡೀಸ್ ಶುರುಮಾಡಿದ ಕಲ್ಲಂ ಅಂಜಿ ರೆಡ್ಡಿ ಅಂಥವರಲ್ಲಿ ಒಬ್ಬರು. ಸಿಪ್ಲಾ ಇನ್ನೂ ಹಳೇದು, ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ್ದು.

1995ರ ಜನವರಿಯಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಬಂತು. ಅದಕ್ಕೆ ತಕ್ಕ ಹಾಗೆ 2005ರಿಂದ ನಾವೂ ಔಷಧಿ ವಸ್ತುವಿಗೇ ಪೇಟೆಂಟ್ ಕೊಡಬೇಕಾಯ್ತು. ಆದರೆ ಫಿನಾಸ್ಟರೈಡ್ 1980ರ ದಶಕದ ಅಣು. ಹೊಸ ನಿಯಮಕ್ಕೆ ಮುಂಚಿನದಾದ್ದರಿಂದ ಅದಕ್ಕೆ ಇಲ್ಲಿ ಬಾಗಿಲು ತೆರೆದೇ ಇತ್ತು. ಇನ್ನೊಂದು ತಮಾಷೆ ನೋಡಿ. 2006ರಲ್ಲಿ ಅಮೆರಿಕದಲ್ಲಿ ಪ್ರಾಸ್ಕರ್‌ನ ಪೇಟೆಂಟ್ ಮುಗಿದಾಗ, ಮೂಲ ಕಂಪನಿ ಮರ್ಕ್‌ನ ಒಪ್ಪಿಗೆಯಿಂದಲೇ ಅಲ್ಲಿ ಅಧಿಕೃತ ಜೆನೆರಿಕ್ ಮಾರಿದ್ದು ನಮ್ಮ ಹೈದರಾಬಾದಿನ ಡಾ. ರೆಡ್ಡೀಸ್. ಕೂದಲಿನ 1 ಮಿಲಿಗ್ರಾಂ ಮಾತ್ರೆಯ ಜೆನೆರಿಕ್ ಅಲ್ಲಿ ಬಂದಿದ್ದು 2013ರಲ್ಲಿ.

ಜೆನೆರಿಕ್ ಅಂದ ತಕ್ಷಣ ನಮ್ಮಲ್ಲಿ ಕೆಲವರು ಜನೌಷಧಿ ಅಂಗಡಿಯದ್ದು ಮಾತ್ರ ಅಂದುಕೊಳ್ತಾರೆ. ಹಾಗಲ್ಲ. ಮೂಲ ಕಂಪನಿ ಬಿಟ್ಟು ಬೇರೆಯವರು ಮಾಡಿದ ಅದೇ ಔಷಧಿ ಜೆನೆರಿಕ್. ನಾವು ದೊಡ್ಡ ಬ್ರ್ಯಾಂಡ್ ಅಂತ ನಂಬಿ ಕೊಳ್ಳೋ ಹೆಸರುಗಳಲ್ಲೂ ಬಹಳಷ್ಟು ಜೆನೆರಿಕ್ಕೇ, ಹೆಸರಿಟ್ಟ ಜೆನೆರಿಕ್.

ಈ ಕಾನೂನಿನ ಬಗ್ಗೆ ನನಗೆ ನಿಜವಾಗಿ ಹೆಮ್ಮೆ ಇದೆ. 2001ರಲ್ಲಿ ಸಿಪ್ಲಾ ಎಚ್‌ಐವಿಯ ಮೂರು ಔಷಧಿಗಳನ್ನ ಸೇರಿಸಿ ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡ್ತೀನಿ ಅಂದಾಗ ಆಫ್ರಿಕಾದ ಲಕ್ಷಾಂತರ ಜೀವಗಳಿಗೆ ದಾರಿ ತೆರೆಯಿತು. ಆ ದಾರಿ ಹಾಕಿಕೊಟ್ಟಿದ್ದು ಇದೇ 1970ರ ಕಾಯ್ದೆ. ಅಪ್ಪಾಜಿ ಪಿಂಚಣಿ ದುಡ್ಡಿನಲ್ಲಿ ತಿಂಗಳು ತಿಂಗಳೂ ಮಾತ್ರೆ ಕೊಳ್ಳೋಕಾಗೋದೂ ಅದರಿಂದಲೇ.

ಬಾರದೇ ಉಳಿದ ಕಾಗದ

ಆದರೆ ಈ ದಾರಿಯಲ್ಲಿ ಒಂದು ವಸ್ತು ಹಿಂದೆ ಉಳಿದುಬಿಟ್ಟಿತು. ಪ್ರತಿ ಔಷಧಿಯ ಡಬ್ಬದೊಳಗೆ ಸಣ್ಣ ಅಕ್ಷರದ ಒಂದು ಮಡಚಿದ ಕಾಗದ ಇರುತ್ತೆ. ನಮ್ಮಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡೋ ರೂಢಿ. ಡಬ್ಬ ಅಂಗಡಿಯಲ್ಲೇ, ಕಾಗದ ಡಬ್ಬದಲ್ಲೇ. ಅಣು ಪೂರ್ತಿಯಾಗಿ ನನ್ನ ಕೈಗೆ ಬಂತು, ಅದರ ಬಗ್ಗೆ ಇಪ್ಪತ್ತೈದು ವರ್ಷದಲ್ಲಿ ಜನ ಕಲಿತಿದ್ದು ಬರಲಿಲ್ಲ.

ಏನಿದೆ ಅದರಲ್ಲಿ? 1997ರ ಮೊದಲ ಕಾಗದದ ಪ್ರಕಾರ, ಲೈಂಗಿಕ ತೊಂದರೆ ಆಗಿದ್ದು ಮಾತ್ರೆ ತಗೊಂಡವರಲ್ಲಿ 3.8 ಶೇಕಡಾ, ಪೊಳ್ಳು ಮಾತ್ರೆಯವರಲ್ಲಿ 2.1 ಶೇಕಡಾ. ಕಡಿಮೆಯೇ. ಆಮೇಲೆ ಕೆಲವರು, ಮಾತ್ರೆ ಬಿಟ್ಟ ಮೇಲೂ ತೊಂದರೆ ಹೋಗಲಿಲ್ಲ ಅಂತ ದೂರತೊಡಗಿದರು. 2011 ಮತ್ತು 2012ರಲ್ಲಿ ಎಫ್‌ಡಿಎ ಅದನ್ನ ಕಾಗದಕ್ಕೆ ಸೇರಿಸಿತು. 2022ರಲ್ಲಿ ಆತ್ಮಹತ್ಯೆಯ ಯೋಚನೆಗಳ ಬಗ್ಗೆ ಎಚ್ಚರಿಕೆ ಸೇರಿತು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯೂ ಅದನ್ನ ಅಡ್ಡಪರಿಣಾಮ ಅಂತ ಒಪ್ಪಿತು. ಹಾಗೆಯೇ, ಒಟ್ಟಾರೆ ಲಾಭ ಅಪಾಯಕ್ಕಿಂತ ಹೆಚ್ಚು ಅಂತಲೂ ಹೇಳಿತು.

ಹೆದರಿಸೋಕೆ ಹೇಳ್ತಿಲ್ಲ. ಬಹಳಷ್ಟು ಜನ ಏನೂ ತೊಂದರೆ ಇಲ್ಲದೆ ತಗೋತಾರೆ. ಹೆದರಿಕೆಗೂ ತನ್ನದೇ ಅಡ್ಡಪರಿಣಾಮ ಇದೆ ಅನ್ನೋದಕ್ಕೆ ಇಟಲಿಯಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಪ್ರಾಸ್ಟೇಟಿಗೆ 5 ಮಿಲಿಗ್ರಾಂ ತಗೋತಿದ್ದ ಗಂಡಸರಲ್ಲಿ ಅರ್ಧ ಜನರಿಗೆ ಲೈಂಗಿಕ ತೊಂದರೆ ಆಗಬಹುದು ಅಂತ ಮೊದಲೇ ಹೇಳಿದರು, ಇನ್ನರ್ಧ ಜನರಿಗೆ ಹೇಳಲಿಲ್ಲ. ಹೇಳಿಸಿಕೊಂಡವರಲ್ಲಿ 43.6 ಶೇಕಡಾ ಜನ ತೊಂದರೆ ಆಯ್ತು ಅಂದರು, ಹೇಳದವರಲ್ಲಿ 15.3 ಶೇಕಡಾ.

ಹಾಗಾದರೆ ಹೇಳದೇ ಇರೋದೇ ವಾಸಿ ಅಲ್ವಾ, ಅಂತ ನನ್ನ ರೂಮ್‌ಮೇಟ್ ಆಗಿದ್ದ ಗೆಳೆಯ ಒಬ್ಬ ವಾದ ಮಾಡಿದ. ನಾನೂ ಸ್ವಲ್ಪ ದಿನ ಒಪ್ಪಿಕೊಂಡಿದ್ದೆ. ಈಗ ಒಪ್ಪಲ್ಲ. ಯಾಕೆ ಅನ್ನೋದೇ ವಿಡಿಯೋದಲ್ಲಿ ಹೇಳೋಕಾಗದ ವಿಷಯ.

ಅಡುಗೆಮನೆ ಕಟ್ಟೆ

ಆ ದೀಪಾವಳಿ ಮುಗಿಸಿ ವಾಪಸ್ ಬಂದಾಗ ನನ್ನ ತಲೆಯಲ್ಲಿದ್ದದ್ದು ಸಲೀನಾಸ್ ಅಲ್ಲ, ಅಪ್ಪಾಜಿಯ 5 ಮಿಲಿಗ್ರಾಂ. ಬೆಲೆ ನೋಡಿದೆ. 1 ಮಿಲಿಗ್ರಾಂ ಮಾತ್ರೆಗೂ 5 ಮಿಲಿಗ್ರಾಂ ಮಾತ್ರೆಗೂ ಐದು ಪಟ್ಟು ವ್ಯತ್ಯಾಸ ಏನೂ ಇರಲಿಲ್ಲ. ಎಂಟೆಕ್ ಓದಿದ ತಲೆ ಕೇಳಬೇಕಾ, ಆಪ್ಟಿಮೈಸ್ ಮಾಡಿತು. ಭಾನುವಾರ ಬೆಳಿಗ್ಗೆ ಅಡುಗೆಮನೆ ಕಟ್ಟೆ ಮೇಲೆ, ತರಕಾರಿ ಹೆಚ್ಚೋ ಮಣೆಯ ಪಕ್ಕ ಕೂತು, ಹಳೇ ಬ್ಲೇಡಿನಿಂದ ವಾರದ ಮಾತ್ರೆ ನಾಲ್ಕು ನಾಲ್ಕು ತುಂಡು ಮಾಡುತ್ತಿದ್ದೆ. ಉದುರಿದ ಪುಡಿ ಕೈಯಲ್ಲಿ ಒರೆಸಿ ಹಾಕುತ್ತಿದ್ದೆ. ಕೆಲವು ಸಲ ಮರೆಯುತ್ತಿದ್ದೆ. "ರೀ, ಇದೇನ್ರೀ ಬಿಳಿ ಪುಡಿ?" ಅಂತ ನನ್ನ ಹೆಂಡತಿ ಎಷ್ಟೋ ಸಲ ಬಟ್ಟೆ ಹಿಡಿದು ಒರೆಸಿದ್ದಾಳೆ. ವಿಟಮಿನ್ ಅಂತ ಹೇಳಿದ್ದೆ. ಕೂದಲಿಗೆ ಮಾತ್ರೆ ತಗೋತೀನಿ ಅಂತ ಅವಳ ಹತ್ತಿರ ಒಪ್ಪಿಕೊಳ್ಳೋಕೆ ನಾಚಿಕೆ.

ಕೆಲವು ತಿಂಗಳಾದ ಮೇಲೆ ಅವಳು ಗರ್ಭಿಣಿ ಅಂತ ಗೊತ್ತಾಯ್ತು. ಹತ್ತನೇ ವಾರದಲ್ಲಿ ಡಾಕ್ಟರ ಹತ್ತಿರ ಹೋದಾಗ, ವಯಸ್ಸಾದ ಆ ಡಾಕ್ಟರಮ್ಮ ಅವಳ ಮಾತ್ರೆಗಳನ್ನೆಲ್ಲ ಬರೆದುಕೊಂಡು ನನ್ನ ಕಡೆ ತಿರುಗಿ, "ನೀವೇನಾದರೂ ತಗೋತೀರಾ?" ಅಂದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಇಡೀ ಮಾತ್ರೆನಾ, ಮುರಿದಾ?"

ಮುರಿದು ಅಂದೆ. ಹೆಂಡತಿ ನನ್ನ ಕಡೆ ನೋಡಿದಳು. ಅವಳಿಗೆ ಆ ಪುಡಿ ಯಾವುದು ಅಂತ ಅಷ್ಟರಲ್ಲಿ ಗೊತ್ತಾಗಿತ್ತು.

ಆ ಮಡಚಿದ ಕಾಗದದಲ್ಲಿ ಮೊದಲ ದಿನದಿಂದ ಇರೋ ಎಚ್ಚರಿಕೆ ಇದು: ಗರ್ಭಿಣಿಯರು, ಗರ್ಭಿಣಿ ಆಗಿರಬಹುದಾದವರು ಈ ಮಾತ್ರೆಯ ತುಂಡನ್ನಾಗಲಿ ಪುಡಿಯನ್ನಾಗಲಿ ಮುಟ್ಟಬಾರದು. ಚರ್ಮದ ಮೂಲಕ ಔಷಧಿ ಒಳಗೆ ಹೋಗಬಹುದು, ಹೊಟ್ಟೆಯಲ್ಲಿರೋದು ಗಂಡುಮಗುವಾದರೆ ಜನನಾಂಗದ ಬೆಳವಣಿಗೆಗೆ ತೊಂದರೆ ಆಗಬಹುದು. ಇಡೀ ಮಾತ್ರೆಯ ಮೇಲೆ ಲೇಪ ಇರೋದರಿಂದ ಅದನ್ನ ಮುಟ್ಟಿದರೆ ಭಯವಿಲ್ಲ. ಬ್ಲೇಡ್ ತಗೊಂಡು ನಾನು ಒಡೆದಿದ್ದು ಆ ಲೇಪವನ್ನೇ.

ನೀವೀಗ ಸಲೀನಾಸ್ ನೆನಪಿಸಿಕೊಳ್ಳಿ. ಈ ಎಚ್ಚರಿಕೆ ಯಾವುದೋ ವಕೀಲರು ಸುಮ್ಮನೆ ಸೇರಿಸಿದ ಸಾಲಲ್ಲ. ಈ ಔಷಧಿ ಹುಟ್ಟಿದ್ದೇ ಆ ಸಂಗತಿಯಿಂದ. ಡಿಎಚ್‌ಟಿ ಇಲ್ಲದೆ ಗರ್ಭದಲ್ಲಿ ಬೆಳೆದ ಮಕ್ಕಳನ್ನ ನೋಡಿ ಮಾಡಿದ ಮಾತ್ರೆ ಇದು. ಅದರ ಚರಿತ್ರೆ ಒಂದು ಸಲ ಓದಿದ್ದರೂ ಸಾಕಿತ್ತು, ನಾನು ಅಡುಗೆಮನೆ ಕಟ್ಟೆ ಮೇಲೆ ಬ್ಲೇಡ್ ಇಡುತ್ತಿರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಒರೆಸಿದ ಪುಡಿ ಬಹಳ ಕಡಿಮೆ, ಇದು ಮುನ್ನೆಚ್ಚರಿಕೆ, ಗಾಬರಿ ಬೇಡ, ಆದರೆ ಇವತ್ತಿನಿಂದ ಮನೆಯಲ್ಲಿ ಮುರಿಯೋದು ಬೇಡ ಅಂದರು. ಗಾಬರಿ ಬೇಡ ಅಂದರೆ ಹೋಗುತ್ತಾ? ನಮ್ಮ ದೇಶದಲ್ಲಿ ಮಗು ಗಂಡೋ ಹೆಣ್ಣೋ ಹೇಳೋ ಹಾಗಿಲ್ಲ, ಸರಿಯಾದ ಕಾನೂನೇ. ಆರು ತಿಂಗಳಿಗಿಂತ ಹೆಚ್ಚು ಕಾಲ ಕಾದೆವು. ಅವಳು ಒಂದು ಮಾತೂ ಆಡಿ ತೋರಿಸಲಿಲ್ಲ, ಅದೇ ಕಷ್ಟವಾಗಿತ್ತು. ಹೆರಿಗೆ ಕೋಣೆಯಿಂದ ನರ್ಸ್ ಬಂದು ಗಂಡುಮಗು, ಎಲ್ಲ ಸರಿ ಇದೆ ಅಂದಾಗ, ಅವರು ಹೇಳಿದ ಎರಡನೇ ಮಾತನ್ನ ಇನ್ನೊಂದು ಸಲ ಹೇಳಿ ಅಂತ ಕೇಳಿದೆ.

ಹಾಗಾಗಿ ಗೆಳೆಯನ ವಾದಕ್ಕೆ ನನ್ನ ಉತ್ತರ ಇಷ್ಟೇ. ಮಾತು ನನ್ನ ದೇಹದ ಬಗ್ಗೆ ಮಾತ್ರ ಆಗಿದ್ದರೆ ಗೊತ್ತಿಲ್ಲದಿರೋದು ನೆಮ್ಮದಿ ಅನ್ನಬಹುದಿತ್ತೇನೋ. ಮಾತ್ರೆ ನನ್ನದಾದರೂ ಮನೆ ಇಬ್ಬರದು.

ಅಪ್ಪಾಜಿಗೂ ಇದರಿಂದ ಒಂದು ಪ್ರಯೋಜನ ಆಯ್ತು. ಈ ಔಷಧಿ ಕೆಲವು ತಿಂಗಳು ತಗೊಂಡರೆ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡೋ ಪಿಎಸ್‌ಎ ರಕ್ತ ಪರೀಕ್ಷೆಯ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ಗೊತ್ತಿಲ್ಲದ ಡಾಕ್ಟರು ನೋಡಿದರೆ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬಹುದು. ಅಪ್ಪಾಜಿಯ ಫೈಲಿನ ಮೇಲೆ ದೊಡ್ಡದಾಗಿ ಔಷಧಿ ಹೆಸರು, ಶುರುಮಾಡಿದ ತಾರೀಖು ಬರೆದಿಟ್ಟಿದ್ದೀನಿ. ನಲವತ್ತು ದಾಟಿ ಕೂದಲಿಗೆ ತಗೋತಿರೋರಿಗೂ ಇದೇ ಮಾತು. ಹೆಲ್ತ್ ಚೆಕಪ್‌ನಲ್ಲಿ ನಾಚಿಕೆ ಬಿಟ್ಟು ಹೇಳಿ.

ನಾಚಿಕೆಯೇ ಇಲ್ಲಿ ದೊಡ್ಡ ತೊಂದರೆ ಅಂತ ನನಗನ್ನಿಸುತ್ತೆ. 'ಒಂದು ಮೊಟ್ಟೆಯ ಕಥೆ' ಸಿನಿಮಾ ನೋಡಿ ನಾವೆಲ್ಲ ನಕ್ಕಿದ್ದೀವಿ, ಆದರೆ ಮದುವೆ ಮಾತುಕತೆಯಲ್ಲಿ ಹುಡುಗನ ಫೋಟೋಕ್ಕೆ ಕ್ಯಾಪ್ ಹಾಕಿಸೋದು ನಿಂತಿಲ್ಲ. ಊರು ಬಿಟ್ಟು ಬಂದು ಒಬ್ಬರೇ ಇರೋ ಹುಡುಗರು ರಾತ್ರಿ ಹನ್ನೊಂದಕ್ಕೆ ಫೋನ್‌ನಲ್ಲಿ ಆರ್ಡರ್ ಮಾಡೋದು ಇದೇ ನಾಚಿಕೆಯಿಂದ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಎಳೆದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಬರೆದಿರುತ್ತೆ. ಅದನ್ನ ಅಂಗಡಿಯವನೂ ಓದಲ್ಲ, ನಾವೂ ಓದಲ್ಲ.

ನಾನು ಮಾತ್ರೆ ಬಿಟ್ಟೆನಾ ಅಂತ ಕೇಳ್ತೀರಿ. ಮಗು ಹುಟ್ಟೋವರೆಗೂ ಬಿಟ್ಟಿದ್ದೆ. ಆಮೇಲೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಮೂರು ನಿಮಿಷ ಅಲ್ಲ ಇಪ್ಪತ್ತು ನಿಮಿಷ ಮಾತಾಡಿ, ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮತ್ತೆ ಶುರುಮಾಡಿದ್ದೀನಿ. 1 ಮಿಲಿಗ್ರಾಂ, ಇಡೀ ಮಾತ್ರೆ. ಮೆಡಿಕಲ್ ಶಾಪ್‌ನಲ್ಲಿ ಡಬ್ಬ ಸಮೇತ ಕೊಡಿ ಅಂತ ಕೇಳ್ತೀನಿ. ಒಳಗಿನ ಕಾಗದ ಫ್ರಿಜ್ ಮೇಲೆ ಅಂಟಿಸಿದ್ದಾಳೆ ನನ್ನ ಹೆಂಡತಿ, ಅವಳ ಸೇಡು ಅದು.

ಆ ಕಾಗದದಲ್ಲಿ ಸಲೀನಾಸ್ ಅನ್ನೋ ಹೆಸರು ಎಲ್ಲೂ ಇಲ್ಲ. ನನಗೆ ಮಾತ್ರ ಆ ಎಚ್ಚರಿಕೆಯ ಸಾಲು ಓದಿದಾಗಲೆಲ್ಲ ಆ ಊರಿನ ಮಕ್ಕಳು ನೆನಪಾಗ್ತಾರೆ.